ದಂಡ ಕಟ್ಟಿದವರು ಯಾರು?

ಪ್ರಶ್ನೆ: ಮೇಡಂ, ನನಗೆ 20 ವರ್ಷ. ಹಾಸನದ ಕಡೆಯ ಹಳ್ಳಿಯವಳು. ಮೈಸೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೇನೆ. ಲಾಕ್‌ಡೌನ್ ಹೊತ್ತಿಗೆ ಹೈಸ್ಕೂಲಿನಲ್ಲಿದ್ದೆ. ಆಗಿನಿಂದ ಫೋನಿನಲ್ಲಿ ಪ್ರೇಮಕಥೆಯ ಕಾಮಿಕ್ಸ್ ಓದುವ ಹುಚ್ಚು ಹತ್ತಿತು. ಜಪಾನಿನ ಮಾಂಗಾ, ಕೊರಿಯಾದ ವೆಬ್‌ಟೂನ್, ಯಾವುದನ್ನೂ ಬಿಟ್ಟಿಲ್ಲ. ‘ಬಾಯ್ಸ್ ಓವರ್ ಫ್ಲವರ್ಸ್’ ಅಂತೂ ಮೂರು ಸಲ ಓದಿದ್ದೇನೆ. ಮೊದಮೊದಲು ಹುಡುಗಿಯನ್ನು ಗೋಳು ಹುಯ್ದುಕೊಳ್ಳುವ ಹುಡುಗ ಕೊನೆಗೆ ಅವಳಿಗಾಗಿಯೇ ಬದಲಾಗುವ ಕಥೆ ಅಂದರೆ ನನಗೆ ಪ್ರಾಣ.

ಒಂದು ವರ್ಷದಿಂದ ಕಾಲೇಜಿನ ಸೀನಿಯರ್ ಒಬ್ಬನನ್ನು ಪ್ರೀತಿಸುತ್ತಿದ್ದೇನೆ. ಅವನಿಗೆ ಸಿಟ್ಟು ಜಾಸ್ತಿ. ಅವನಿಗೆ ಇಷ್ಟವಿಲ್ಲವೆಂದು ನಾಟಕದ ತಂಡ ಬಿಟ್ಟೆ. ಒಂದು ಸಲ ಕೈ ತಿರುಚಿದ, ವಾರವೆಲ್ಲ ತುಂಬುತೋಳಿನ ಟಾಪ್ ಹಾಕಿಕೊಂಡು ಓಡಾಡಿದೆ. ಕಳೆದ ತಿಂಗಳು ಯಾರದೋ ಮೆಸೇಜಿಗೆ ಉತ್ತರ ಕೊಟ್ಟೆ ಅಂತ ನನ್ನ ಫೋನನ್ನು ನೆಲಕ್ಕೆ ಬಡಿದು ಒಡೆದ. ಆಮೇಲೆ ತುಂಬಾ ಅತ್ತ. ಹೊಸ ಫೋನ್ ತಂದುಕೊಟ್ಟ, ಅದಕ್ಕೆ ಪಾಸ್‌ವರ್ಡನ್ನೂ ಅವನೇ ಇಟ್ಟ. ಅವನ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದರಂತೆ. ಅದನ್ನು ನನ್ನೊಬ್ಬಳ ಹತ್ತಿರ ಮಾತ್ರ ಹೇಳಿಕೊಂಡಿದ್ದಾನೆ. ‘ನೀನು ಬಿಟ್ಟರೆ ಸತ್ತೇ ಹೋಗ್ತೀನಿ’ ಅನ್ನುತ್ತಾನೆ.

‘ಆ ಕಾಮಿಕ್ಸ್ ಓದಿಯೇ ನಿನ್ನ ತಲೆ ಕೆಟ್ಟಿದೆ, ಅವನನ್ನು ಬಿಟ್ಟುಬಿಡು’ ಅಂತ ರೂಮ್‌ಮೇಟ್ ಬೈಯುತ್ತಾಳೆ. ಆ ಕಥೆಯ ಹುಡುಗಿಯರ ಹಾಗೆ ನಾನೂ ಇನ್ನಷ್ಟು ತಾಳಿಕೊಂಡರೆ ಅವನು ಬದಲಾಗಬಹುದಲ್ಲವಾ? ನನ್ನ ಪ್ರೀತಿಯೇ ಸಾಲದಾ? ನಿಮ್ಮ ಮಗಳು ಅಂದುಕೊಂಡು ಉತ್ತರಿಸಿ. ಈ ಪತ್ರವನ್ನು ರೂಮ್‌ಮೇಟ್ ಫೋನಿನಿಂದ ಕಳಿಸುತ್ತಿದ್ದೇನೆ.
– ಹೆಸರು ಬೇಡ, ಮೈಸೂರು

ಉತ್ತರ: ಮಗಳು ಅಂದುಕೊಳ್ಳಿ ಎಂದಿದ್ದೀಯ. ಹಾಗೇ ಅಂದುಕೊಂಡು ಏಕವಚನದಲ್ಲೇ ಬರೆಯುತ್ತೇನಮ್ಮಾ. ನೀನು ಕೇಳಿದ್ದಕ್ಕೆ ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ನಿನ್ನ ಪ್ರೀತಿ ಸಾಲದೆ ಅವನು ನಿನ್ನ ಕೈ ತಿರುಚಿದ್ದಲ್ಲ. ಹಾಗಾಗಿ ಇನ್ನಷ್ಟು ಪ್ರೀತಿ ಸುರಿದರೆ ಅದು ನಿಲ್ಲುವುದೂ ಇಲ್ಲ. ಆ ಕೈ ಅವನದು, ಅದನ್ನು ಹಿಡಿತದಲ್ಲಿಟ್ಟುಕೊಳ್ಳುವ ಹೊಣೆಯೂ ಪೂರ್ತಿ ಅವನದೇ.

ಕಾಮಿಕ್ಸ್ ಓದಿ ತಲೆ ಕೆಟ್ಟಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿನ್ನ ವಯಸ್ಸಿನಲ್ಲಿ ನಾವು ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುತ್ತಿದ್ದೆವು. ಒರಟು ನಾಯಕ ಕೊನೆಯ ಕಂತಿನಲ್ಲಿ ಕರಗಿದಾಗ ನಮ್ಮ ಕಣ್ಣೂ ಒದ್ದೆಯಾಗುತ್ತಿತ್ತು. ಕಲ್ಲಿನಂಥ ಮನುಷ್ಯ ಒಬ್ಬಳಿಗಾಗಿ ಮೆತ್ತಗಾದ ಎಂಬ ಕಥೆಯಲ್ಲಿ, ಆ ಒಬ್ಬಳು ನಾನೇ ಎಂದುಕೊಳ್ಳುವ ಸುಖವಿದೆ. ಆ ಸುಖಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಆ ಕಥೆಗಳು ಯಾವ ಜಾಗದಲ್ಲಿ ಲೆಕ್ಕ ತಪ್ಪಿಸುತ್ತವೆ ಎಂಬುದನ್ನು ನೀನು ಕಣ್ಣುಬಿಟ್ಟು ನೋಡಬೇಕು. ಅದೇ ತಪ್ಪು ಲೆಕ್ಕವನ್ನು ಈಗ ನಿನ್ನ ಬದುಕಿಗೂ ಹಾಕುತ್ತಿದ್ದೀಯ.

ನೀನು ಮೂರು ಸಲ ಓದಿದ ಕಥೆಯನ್ನೇ ತೆಗೆದುಕೊಳ್ಳೋಣ. ಯೋಕೊ ಕಾಮಿಯೊ ಅದನ್ನು ‘ಹಾನಾ ಯೋರಿ ದಾಂಗೊ’ ಎಂಬ ಹೆಸರಿನಲ್ಲಿ 1992ರಲ್ಲಿ ಜಪಾನಿನ ‘ಮಾರ್ಗರೆಟ್’ ಪತ್ರಿಕೆಗೆ ಬರೆಯಲು ತೊಡಗಿದರು. ಸಿರಿವಂತರ ಮಕ್ಕಳ ಶಾಲೆಯಲ್ಲಿ ದೋಮ್ಯೋಜಿ ಎಂಬ ಹುಡುಗನ ಗುಂಪಿನದೇ ಆಳ್ವಿಕೆ. ಅವರು ಯಾರ ಲಾಕರಿಗೆ ಕೆಂಪು ಚೀಟಿ ಹಾಕುತ್ತಾರೋ ಅವರನ್ನು ಇಡೀ ಶಾಲೆ ಹಿಂಸಿಸುತ್ತದೆ. ಬಡವರ ಮನೆಯ ತ್ಸುಕುಶಿಗೂ ಆ ಚೀಟಿ ಬರುತ್ತದೆ. ಅವಳು ತಿರುಗಿ ಹೊಡೆಯುತ್ತಾಳೆ. ಆ ಕೆಚ್ಚಿಗಾಗಿಯೇ ಓದುಗರು ಅವಳನ್ನು ಮೆಚ್ಚಿದ್ದು, ನನಗೂ ಅವಳು ಇಷ್ಟ. ಆದರೆ ಶುರುವಿನಲ್ಲೇ ದೋಮ್ಯೋಜಿ ಅವಳನ್ನು ಬಲವಂತವಾಗಿ ಹಿಡಿದುಕೊಳ್ಳುತ್ತಾನೆ, ಅವಳು ಅತ್ತ ಮೇಲೆ ಬಿಡುತ್ತಾನೆ. ಇವನೇ ಮುಂದೆ ಅವಳ ಪ್ರೇಮಿ.

2009ರಲ್ಲಿ ಇದೇ ಕಥೆ ಕೊರಿಯಾದ ಟಿ.ವಿ. ಧಾರಾವಾಹಿಯಾಯಿತು. ಅದರ ಮೊದಲ ಕಂತಿನಲ್ಲೇ, ಕೆಂಪು ಚೀಟಿ ಸಿಕ್ಕ ಹುಡುಗನೊಬ್ಬ ಮೈಯೆಲ್ಲ ರಕ್ತವಾಗಿ ಶಾಲೆಯ ತಾರಸಿಯ ಅಂಚಿನಲ್ಲಿ ನಿಂತಿರುತ್ತಾನೆ. ಬಟ್ಟೆ ಡ್ರೈಕ್ಲೀನ್ ಮಾಡಿ ತಲುಪಿಸಲು ಬಂದ ನಾಯಕಿ ಅವನನ್ನು ಉಳಿಸುತ್ತಾಳೆ. ಈಗ ಯೋಚಿಸಿ ಹೇಳು: ಕಥೆ ಮುಗಿದ ಮೇಲೆ ನಿನಗೆ ನೆನಪಿನಲ್ಲಿ ಉಳಿದದ್ದು ನಾಯಕನ ಕಣ್ಣೀರೋ, ಆ ಹುಡುಗನ ಹೆಸರೋ?

ಕಥೆ ಲೆಕ್ಕ ತಪ್ಪಿಸುವುದು ಇಲ್ಲೇ: ನಾಯಕನಿಗೆ ಗಳಿಸದೆಯೇ ಕ್ಷಮೆ ಸಿಗುತ್ತದೆ. ನೊಂದವರನ್ನು ಕಥೆ ಮರೆಗೆ ಸರಿಸುತ್ತದೆ, ನೋಯಿಸಿದವನ ನೋವನ್ನು ಹತ್ತಿರ ತಂದು ತೋರಿಸುತ್ತದೆ. ಅದಕ್ಕೆ ಕಾಮಿಕ್ಸಿನ ಹತ್ತಿರ ಒಳ್ಳೆಯ ಉಪಕರಣಗಳೂ ಇವೆ. ಪುಟದ ಅಂಚು ಕಪ್ಪಾದರೆ ಸಾಕು, ಹಳೆಯ ನೆನಪು ಶುರುವಾಯಿತು ಎಂದು ನಿನಗೆ ಗೊತ್ತಾಗುತ್ತದೆ: ಒಂಟಿ ಬಾಲ್ಯ, ಖಾಲಿ ಊಟದ ಮೇಜು, ಬಾಗಿಲು ಹಾಕಿಕೊಂಡು ಹೋದ ಅಮ್ಮ. ಜೊತೆಗೆ, ಅವನು ಬಾಯಲ್ಲಿ ಬೈಯುವಾಗಲೂ ಮನಸ್ಸಿನಲ್ಲಿ ಅವಳನ್ನು ಎಷ್ಟು ಪ್ರೀತಿಸುತ್ತಾನೆಂದು ತಲೆಯ ಮೇಲಿನ ಗುಳ್ಳೆ ಹೇಳುತ್ತಿರುತ್ತದೆ. ಅದನ್ನು ಓದುವವಳು ನೀನು. ಬೈಗುಳ ತಿನ್ನುವ ಹುಡುಗಿಗೆ ಆ ಗುಳ್ಳೆ ಕಾಣಿಸುವುದೇ ಇಲ್ಲ. ಬದುಕಿನಲ್ಲಿ ನಿನಗೂ ಕಾಣಿಸುವುದಿಲ್ಲ. ನಿನ್ನ ಹುಡುಗನ ತಲೆಯ ಮೇಲಿನ ಗುಳ್ಳೆಯನ್ನು ನೀನೇ ಬರೆದುಕೊಂಡು ನೀನೇ ಓದಿಕೊಳ್ಳುತ್ತಿದ್ದೀಯಮ್ಮಾ. ಅವನು ನಿಜವಾಗಿ ಬರೆದಿರುವುದು ನಿನ್ನ ತೋಳಿನ ಮೇಲಿನ ಗುರುತನ್ನು ಮಾತ್ರ.

ನಾಯಕನ ತಪ್ಪನ್ನು ಹೀಗೆ ಹಗುರ ಮಾಡುವುದು ಜಪಾನಿನವರೋ ಕೊರಿಯಾದವರೋ ಕಂಡುಹಿಡಿದದ್ದಲ್ಲ. ಮಹಾಭಾರತದ ದುಷ್ಯಂತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗೊತ್ತಿದ್ದೂ ಗೊತ್ತಿಲ್ಲ ಎಂದ. ಅಲ್ಲಿ ಉಂಗುರವಿಲ್ಲ, ಶಾಪವಿಲ್ಲ. ಅಶರೀರವಾಣಿ ಆದ ಮೇಲೆ, ಜನ ಏನೆಂದಾರೋ ಎಂದು ಹಾಗೆ ಹೇಳಿದೆ ಎಂದು ಅವನೇ ಒಪ್ಪುತ್ತಾನೆ. ದೂರ್ವಾಸರ ಶಾಪವನ್ನು ತಂದು ರಾಜನ ತಪ್ಪನ್ನು ಹಗುರ ಮಾಡಿದವನು ಕಾಳಿದಾಸ. ಪ್ರೇಮಕಥೆಗಳಲ್ಲಿ ನಾಯಕನ ನೊಂದ ಬಾಲ್ಯ ಮಾಡುವ ಕೆಲಸವೂ ಇದೇ: ‘ಪಾಪ, ಅವನದೇನು ತಪ್ಪು, ಶಾಪವಿತ್ತಲ್ಲ’ ಎನ್ನಿಸುವುದು. ನಿನ್ನ ಹುಡುಗನ ಬಾಲ್ಯ ನಿಜಕ್ಕೂ ಕಷ್ಟದ್ದಾಗಿರಬಹುದು. ಅಪ್ಪ ಅಮ್ಮನಿಗೆ ಹೊಡೆಯುವುದನ್ನು ನೋಡುತ್ತ ಬೆಳೆದ ಮಗುವಿನ ಬಗ್ಗೆ ನನಗೂ ಕರುಳು ಚುರುಕ್ ಎನ್ನುತ್ತದೆ. ಆದರೆ ಅದೇ ಬಾಲ್ಯ ಕಂಡು, ನಾನು ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಹಟ ತೊಟ್ಟು ಬದುಕುವ ಗಂಡಸರೂ ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಬಾಲ್ಯದ ಗಾಯ ಕಾರಣವಾಗಬಹುದು. ಅದು ಪರವಾನಗಿ ಆಗಲಾರದು.

ಹಾಗಾದರೆ ಮನುಷ್ಯ ಬದಲಾಗುವುದೇ ಇಲ್ಲವೇ? ಬದಲಾಗುತ್ತಾನೆ. ಅದನ್ನು ಅಳೆಯಲು ನಾನು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ತಪ್ಪು ಅವನದಾದರೆ, ದಂಡ ಕಟ್ಟಿದವರು ಯಾರು?

ಯೊಶಿತೊಕಿ ಓಯಿಮಾ ಅವರ ‘ಎ ಸೈಲೆಂಟ್ ವಾಯ್ಸ್’ ಓದಿದ್ದೀಯಾ? 2013–14ರಲ್ಲಿ ಬಂದ, ಏಳೇ ಸಂಪುಟದ ಮಾಂಗಾ. ಶೋಯಾ ಎಂಬ ಹುಡುಗ ಆರನೇ ಕ್ಲಾಸಿನಲ್ಲಿ, ಕಿವಿ ಕೇಳದ ಶೋಕೊ ಎಂಬ ಹುಡುಗಿಯ ಶ್ರವಣಯಂತ್ರಗಳನ್ನು ಕಿತ್ತು ಎಸೆಯುತ್ತಾನೆ. ಅವಳು ಶಾಲೆ ಬಿಟ್ಟು ಹೋಗುತ್ತಾಳೆ. ಆ ಯಂತ್ರಗಳ ನಷ್ಟಕ್ಕೆಂದು ಅವನ ತಾಯಿ 17 ಲಕ್ಷ ಯೆನ್ ಕಟ್ಟಿಕೊಡುತ್ತಾಳೆ. ಹೈಸ್ಕೂಲಿಗೆ ಬಂದ ಮೇಲೆ ಅವನು ದುಡಿದು, ತನ್ನ ಸಾಮಾನು ಮಾರಿ, ಆ ಹಣವನ್ನು ಕೂಡಿಸಿ ತಾಯಿಗೆ ಹಿಂದಿರುಗಿಸುತ್ತಾನೆ. ಸನ್ನೆಭಾಷೆ ಕಲಿತು ಶೋಕೊಳನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿಗೂ ಎಲ್ಲ ಸರಿಹೋಗುವುದಿಲ್ಲ. ಶೋಕೊಳ ತಾಯಿ ಅವನನ್ನು ಸುಲಭಕ್ಕೆ ಕ್ಷಮಿಸುವುದಿಲ್ಲ. ಅವಳ ಸಿಟ್ಟನ್ನು ಕಥೆ ತಪ್ಪೆಂದೂ ತೋರಿಸುವುದಿಲ್ಲ. ಇಲ್ಲಿ ದಂಡ ಕಟ್ಟಿದವನು ತಪ್ಪು ಮಾಡಿದವನೇ. ಅದಕ್ಕೇ ಅವನ ಪಶ್ಚಾತ್ತಾಪವನ್ನು ನಾವು ನಂಬುತ್ತೇವೆ.

ಈಗ ನಿನ್ನ ಫೋನಿನ ಲೆಕ್ಕ ನೋಡು. ಒಡೆದವನು ಹೊಸದು ತಂದುಕೊಟ್ಟ, ದುಡ್ಡು ಅವನದೇ ಹೋಯಿತು, ನಿಜ. ಆದರೆ ಪಾಸ್‌ವರ್ಡ್ ಅವನ ಕೈಯಲ್ಲಿದೆ. ಒಡೆಯುವ ಮುಂಚೆ ನಿನ್ನ ಫೋನಾದರೂ ನಿನ್ನದಾಗಿತ್ತು, ಕ್ಷಮೆ ಕೇಳಿದ ಮೇಲೆ ಅದೂ ಉಳಿಯಲಿಲ್ಲ. ನಾಟಕ ಹೋಯಿತು, ಅಲ್ಲಿನ ಗೆಳೆಯರು ಹೋದರು, ಬಿಸಿಲಲ್ಲೂ ತುಂಬುತೋಳು ಬಂತು. ಸಿಟ್ಟು ಅವನದು, ಕಂತು ಕಟ್ಟುತ್ತಿರುವವಳು ನೀನು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಹಿಂಸೆಗೆ ಒಳಗಾದ ಹೆಂಗಸರನ್ನು ಮಾತಾಡಿಸಿ 1979ರಲ್ಲಿ ಒಂದು ಪುಸ್ತಕ ಬರೆದರು. ಇಂಥ ಸಂಬಂಧಗಳಲ್ಲಿ ಮೂರು ಹಂತಗಳು ಸುತ್ತುತ್ತವೆ ಎಂದು ಅದರಲ್ಲಿ ತೋರಿಸಿದರು. ಮೊದಲು ಬಿಗುವು ಏರುತ್ತದೆ, ಆಮೇಲೆ ಹಿಂಸೆ ಸ್ಫೋಟಿಸುತ್ತದೆ, ಕೊನೆಗೆ ಅಳು, ಕ್ಷಮೆ, ಉಡುಗೊರೆ. ಎಲ್ಲರ ವಿಷಯದಲ್ಲೂ ಇದು ಇದೇ ಅಚ್ಚಿನಲ್ಲಿ ನಡೆಯುವುದಿಲ್ಲ. ಆದರೂ ಆ ಮೂರನೆಯ ಹಂತವನ್ನೇ ನಾವು ಬದಲಾವಣೆ ಎಂದು ತಪ್ಪು ತಿಳಿಯುತ್ತೇವೆ. ಕಾಮಿಕ್ಸು ಆ ಹಂತಕ್ಕೆ ಬಂದು ‘ಮುಗಿಯಿತು’ ಎಂದು ಬರೆಯುತ್ತದೆ, ಬದುಕು ಮೊದಲಿನ ಹಂತಕ್ಕೆ ತಿರುಗುತ್ತದೆ.

ತಾಳಿಕೊಂಡರೆ ಬದಲಾಗಬಹುದಲ್ಲವಾ ಎಂದು ಕೇಳಿದ್ದೀಯ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ, ಒಳ್ಳೆಯವಳಾಗಿದ್ದರೆ ಹುಲಿಯ ಮನಸ್ಸೂ ಕರಗುತ್ತದೆ ಎಂಬ ನಂಬಿಕೆ ಎದೆಯಲ್ಲಿ ಎಲ್ಲೋ ಕೂತಿರುತ್ತದೆ. ಕಥೆಯನ್ನು ಇನ್ನೊಮ್ಮೆ ನೆನೆಸಿಕೋ. ಪುಣ್ಯಕೋಟಿ ಹುಲಿಯನ್ನು ತಿದ್ದಲು ಗುಹೆಗೆ ಹೋದವಳಲ್ಲ, ಕೊಟ್ಟ ಮಾತಿಗಾಗಿ ಹೋದವಳು. ಹುಲಿಗೆ ತನ್ನ ತಪ್ಪು ತಿಳಿದಾಗ ಪ್ರಾಣ ಬಿಟ್ಟು ಬೆಲೆ ತೆತ್ತದ್ದೂ ಹುಲಿಯೇ. ಹಸುವಿನಿಂದ ಅದು ಮತ್ತೇನನ್ನೂ ಬೇಡಲಿಲ್ಲ.

ಹಾಗೆಂದು ಯಾರೂ ಪ್ರಾಣ ಬಿಡಬೇಕಾಗಿಲ್ಲ. ‘ಸತ್ತೇ ಹೋಗ್ತೀನಿ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡ, ಒಬ್ಬಳೇ ಹೊರಲೂ ಬೇಡ. ಮತ್ತೆ ಹಾಗೆಂದರೆ ಅವನ ಮನೆಯವರಿಗೋ ಹತ್ತಿರದ ಗೆಳೆಯರಿಗೋ ಕೂಡಲೇ ತಿಳಿಸು. ಟೆಲಿ ಮಾನಸ್‌ನ 14416 ನಂಬರು ಅವನ ಕೈಗೆ ಸಿಗುವಂತೆ ಮಾಡು. ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಬೇಕಾದರೂ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅವನಿಗೆ ಬೇಕಿರುವುದು ತರಬೇತಾದವರ ಸಹಾಯ. ಆ ಔಷಧಿ ನೀನಾಗಲು ಹೋದರೆ ಅವನೂ ಗುಣವಾಗುವುದಿಲ್ಲ, ನೀನೂ ಉಳಿಯುವುದಿಲ್ಲ.

ಇನ್ನು ನೀನು ಮಾಡಬೇಕಾದ್ದು. ನನ್ನ ಸಲಹೆ ಸ್ಪಷ್ಟವಾಗಿದೆ: ಈ ಸಂಬಂಧದಿಂದ ಹೊರಗೆ ಬಾ. ಆದರೆ ಆತುರಪಟ್ಟು, ಒಬ್ಬಳೇ, ಯಾರೂ ಇಲ್ಲದ ಜಾಗದಲ್ಲಿ ‘ಇನ್ನು ಸಾಕು’ ಎಂದು ಹೇಳಲು ಹೋಗಬೇಡ. ಬಿಟ್ಟು ಹೋಗುವ ಹೊತ್ತಿಗೇ ಇಂಥವರ ಸಿಟ್ಟು ಹೆಚ್ಚು ಅಪಾಯಕಾರಿ. ಮೊದಲು ರೂಮ್‌ಮೇಟಿಗೆ ಕೈ ತಿರುಚಿದ್ದನ್ನೂ ಸೇರಿಸಿ ಎಲ್ಲ ಹೇಳು. ಪಿ.ಜಿ. ನಡೆಸುವವರಿಗೂ ನೀನು ನಂಬುವ ಒಬ್ಬ ಮೇಡಂಗೂ ತಿಳಿದಿರಲಿ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ, ಯಾರು ಬೈದರೂ ಕೊನೆಗೆ ನಿನ್ನ ಕಡೆ ನಿಲ್ಲುತ್ತಾರೋ ಅವರಿಗೆ ಹೇಳು. ಅವನ ಬೆದರಿಕೆಯ ಮೆಸೇಜುಗಳ ಸ್ಕ್ರೀನ್‌ಶಾಟನ್ನು ಬೇರೆಯವರ ಫೋನಿನಲ್ಲಿ ಇಡು. ಅವನು ಕೊಟ್ಟ ಫೋನನ್ನು ಯಾರಾದರೂ ಜೊತೆಗಿರುವಾಗ ಹಿಂದಿರುಗಿಸು, ನಿನ್ನ ಎಲ್ಲ ಖಾತೆಗಳ ಪಾಸ್‌ವರ್ಡನ್ನೂ ಬದಲಿಸಿಕೋ. ಬೇಡವೆಂದ ಮೇಲೂ ಹೆಣ್ಣೊಬ್ಬಳನ್ನು ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ನೋಡುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ನಂಬರನ್ನು ಬಾಯಿಪಾಠ ಮಾಡಿಕೋ.

ಮುಂದೆ ಎಂದಾದರೂ ಅವನು ನಿಜವಾಗಿ ಬದಲಾದರೆ? ಮಾಡಿದ್ದನ್ನು ‘ಆದರೆ’ ಸೇರಿಸದೆ ಒಪ್ಪಿಕೊಳ್ಳುತ್ತಾನೆ. ಸಹಾಯ ಪಡೆಯಲು ತಾನಾಗಿ ಹೋಗುತ್ತಾನೆ. ನೀನು ಸಿಗುವುದಿಲ್ಲ ಎಂದು ಗೊತ್ತಾದ ಮೇಲೂ ಹಾಗೇ ನಡೆದುಕೊಳ್ಳುತ್ತಾನೆ. ಅಂಥ ಬದಲಾವಣೆಗೆ ನೀನು ಹತ್ತಿರವಿರಬೇಕಾದ ಅಗತ್ಯವಿಲ್ಲ. ಅವನನ್ನು ಮನಸ್ಸಿನಲ್ಲಿ ಕ್ಷಮಿಸುವುದು, ಬಿಡುವುದು ನಿನ್ನ ಇಷ್ಟ. ಕ್ಷಮಿಸಿದ ಮಾತ್ರಕ್ಕೆ ವಾಪಸು ಹೋಗಬೇಕೆಂದಿಲ್ಲ.

ಕಾಮಿಕ್ಸ್ ಓದುವುದನ್ನು ನಿಲ್ಲಿಸಬೇಡ. ಕಡೆಯ ಪುಟದಲ್ಲಿ ಅವನು ಅತ್ತಾಗ, ದಂಡ ಕಟ್ಟಿದವರು ಯಾರು ಎಂದು ಕೇಳಿಕೊಂಡು ಪುಟ ಮುಚ್ಚು. ಒಳ್ಳೆಯ ಕಥೆಗಳು ಆ ಪ್ರಶ್ನೆಗೆ ಹೆದರುವುದಿಲ್ಲ.

ಕೊನೆಗೊಂದು ಮಾತು. ನಿನ್ನ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಕಡೆಯ ಸಾಲು. ನಿನ್ನ ಫೋನಿನಿಂದ ಬರೆದರೆ ಏನಾಗುತ್ತದೆ ಎಂದು ನಿನಗೆ ಗೊತ್ತಿದೆ. ನನ್ನನ್ನು ಕೇಳುವ ಮುಂಚೆಯೇ ಉತ್ತರವೂ ಗೊತ್ತಿತ್ತು. ಇಷ್ಟೆಲ್ಲ ಬೈಯುವ ಆ ಹುಡುಗಿ, ನೀನು ಕೇಳಿದ ಕೂಡಲೇ ತನ್ನ ಫೋನು ನಿನ್ನ ಕೈಗೆ ಕೊಟ್ಟಳಲ್ಲ, ಅವಳ ಪಕ್ಕದಲ್ಲಿ ಇವತ್ತು ರಾತ್ರಿ ಹೋಗಿ ಕೂತುಕೋ. ಅಲ್ಲಿಂದಲೇ ಮಾತು ಶುರು ಮಾಡು.