ಮನೆಯಲ್ಲೇ ಚಾಕೊಲೇಟ್–ಕಾಫಿ ಕೆನೆ ಪೈ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿ, ಆಲೂಗಡ್ಡೆ, ತೆಂಗುಗಳ ಜೊತೆಗೆ ಹೈನುಗಾರಿಕೆಯೂ ರೈತ ಕುಟುಂಬಗಳ ಮುಖ್ಯ ಕಸುಬಾಗಿದೆ. ಡೇರಿಗೆ ಹಾಕಿ ಉಳಿದ ಹಾಲು ಮನೆಯಲ್ಲಿ ಮೊಸರು, ಬೆಣ್ಣೆ, ತುಪ್ಪವಾಗುತ್ತದೆ. ಇದೇ ಜಿಲ್ಲೆಯ ಸಕಲೇಶಪುರ, ಬೇಲೂರು, ಆಲೂರುಗಳಲ್ಲಿ ಬೆಳೆದ ಕಾಫಿ ಹಾಸನದ ಸಂಸ್ಕರಣಾ ಕಾರ್ಖಾನೆಗಳಿಗೆ ಬರುತ್ತದೆ. ಶಿರಾಡಿ ಘಾಟಿ ಇಳಿದರೆ ಅಡಿಕೆ ತೋಟಗಳ ನಡುವೆ ಮಿಶ್ರಬೆಳೆಯಾಗಿ ಕೋಕೋ ಬೆಳೆಯುವ ಸೀಮೆ. ಅಲ್ಲಿಯ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಹೀಗೆ ಹಾಲು, ಕಾಫಿ, ಕೋಕೋ ಮೂರೂ ಕೈಗೆಟಕುವ ದೂರದಲ್ಲೇ ಇದ್ದರೂ, ಇವನ್ನು ಕೂಡಿಸಿ ಮಾಡುವ ಕೆನೆ ಪೈ ಮಾತ್ರ ಪೇಟೆಯ ಬೇಕರಿಯ ತಿನಿಸೆಂದೇ ಉಳಿದಿದೆ.

ಈ ತಿನಿಸನ್ನು ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಹಾಲು ಮತ್ತು ಪಿಷ್ಟದಿಂದ ಮಾಡಿದ ಮೆತ್ತನೆಯ ಹೂರಣ ಮನುಷ್ಯರಿಗೆ ಹೇಗೆ ರುಚಿಯೋ ರೋಗಾಣುಗಳಿಗೂ ಹಾಗೆಯೇ ಒಳ್ಳೆಯ ಆಹಾರ. ಸರಿಯಾಗಿ ಬೇಯಿಸಿ, ಬೇಗ ತಣಿಸಿ, ತಂಪಿನಲ್ಲಿ ಇಟ್ಟರೆ ಹಬ್ಬದ ತಿನಿಸು. ಅಲಕ್ಷಿಸಿದರೆ ಮನೆಮಂದಿಗೆಲ್ಲ ವಾಂತಿಭೇದಿ. ಆದ್ದರಿಂದ ಮಾಡುವ ಕ್ರಮದಷ್ಟೇ ಕಾಪಾಡುವ ಕ್ರಮವನ್ನೂ ತಿಳಿಯುವುದು ಮುಖ್ಯ.

ಪೈ ಎಂದರೇನು?

ಕಡುಬು, ಕರ್ಜಿಕಾಯಿಗಳಲ್ಲಿ ಕಣಕವೂ ಹೂರಣವೂ ಇರುವಂತೆ ಪೈಯಲ್ಲಿಯೂ ಎರಡು ಭಾಗಗಳಿವೆ. ಕಡುಬಿನಲ್ಲಿ ಕಣಕವು ಹೂರಣವನ್ನು ಪೂರ್ತಿ ಮುಚ್ಚುತ್ತದೆ. ಕೆನೆ ಪೈಯಲ್ಲಿ ಕಣಕವನ್ನು ಅಂಚಿರುವ ತಟ್ಟೆಯ ಆಕಾರಕ್ಕೆ ಮೊದಲೇ ಬೇಯಿಸಿ, ಆರಿದ ಮೇಲೆ ಹೂರಣವನ್ನು ತುಂಬಿ, ಮೇಲೆ ಕೆನೆ ಹರಡುತ್ತಾರೆ. ಇಲ್ಲಿ ಹೇಳಿರುವ ವಿಧಾನದಲ್ಲಿ ಮೊಟ್ಟೆಯನ್ನು ಬಳಸಿಲ್ಲ. ಮೈದಾದ ಮೂರನೇ ಒಂದು ಪಾಲಿಗೆ ಬದಲಾಗಿ ರಾಗಿ ಹಿಟ್ಟನ್ನು ಸೇರಿಸಲಾಗಿದೆ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ರಾಗಿಗೆ ಮೈದಾದಂತಹ ಅಂಟು ಇಲ್ಲವಾದ್ದರಿಂದ ಕಣಕ ಗರಿಗರಿಯಾಗುತ್ತದೆ. ಆದರೆ ಪೂರ್ತಿ ರಾಗಿಯನ್ನೇ ಬಳಸಿದರೆ ಕತ್ತರಿಸುವಾಗ ಪುಡಿಯಾಗುತ್ತದೆ.

ಬೇಕಾಗುವ ಸಾಮಗ್ರಿಗಳು

20 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಅಂಚಿರುವ ಒಂದು ತಟ್ಟೆಗೆ, ಎಂಟು ತುಂಡುಗಳಿಗೆ ಈ ಅಳತೆ ಸಾಕು.

ಕಣಕಕ್ಕೆ: ಮೈದಾ 100 ಗ್ರಾಂ, ನುಣ್ಣನೆಯ ರಾಗಿ ಹಿಟ್ಟು 50 ಗ್ರಾಂ, ತಣ್ಣನೆಯ ಗಟ್ಟಿ ಬೆಣ್ಣೆ 80 ಗ್ರಾಂ, ಸಕ್ಕರೆ ಪುಡಿ 25 ಗ್ರಾಂ, ಚಿಟಿಕೆ ಉಪ್ಪು, ತಣ್ಣೀರು 2ರಿಂದ 3 ದೊಡ್ಡ ಚಮಚ.

ಹೂರಣಕ್ಕೆ: ಗಟ್ಟಿ ಹಾಲು 500 ಮಿ.ಲೀ., ಕಾರ್ನ್‌ಫ್ಲೋರ್ 45 ಗ್ರಾಂ, ಸಕ್ಕರೆ 90 ಗ್ರಾಂ, ಕೋಕೋ ಪುಡಿ 20 ಗ್ರಾಂ, ಕಪ್ಪು ಚಾಕೊಲೇಟ್ 60 ಗ್ರಾಂ, ಬೆಣ್ಣೆ 20 ಗ್ರಾಂ, ಚಿಟಿಕೆ ಉಪ್ಪು, ಗಟ್ಟಿ ಡಿಕಾಕ್ಷನ್ 75 ಮಿ.ಲೀ.

ಮೇಲೆ ಹರಡಲು: ಕೆನೆ 200 ಮಿ.ಲೀ., ಸಕ್ಕರೆ ಪುಡಿ 25 ಗ್ರಾಂ.

ಸಾಮಗ್ರಿಗಳ ಆಯ್ಕೆ

ಹಾಲು: ಅಂದೇ ಕರೆದು ಅಂದೇ ಕಾಯಿಸಿದ ಹಾಲನ್ನು ಬಳಸಬೇಕು. ಹುಳಿ ತಿರುಗಲು ಮೊದಲಿಟ್ಟ ಹಾಲು ಬಿಸಿಗೆ ಒಡೆಯುತ್ತದೆ. ಕೆಚ್ಚಲು ಬಾವಿಗೆ ಔಷಧ ಹಾಕಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಮನೆ ಬಳಕೆಗೂ ತೆಗೆದುಕೊಳ್ಳಬಾರದು.

ಕಾಫಿ ಪುಡಿ: ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಅಂಶ ಶೇಕಡ 51ಕ್ಕಿಂತ ಕಡಿಮೆ ಇರಬಾರದೆಂಬುದು ನಿಯಮ. ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಪೈಗೆ ಚಿಕೋರಿ ಕಡಿಮೆ ಇರುವ ಅಥವಾ ಇಲ್ಲದ ಪುಡಿಯೇ ಲೇಸು. ಬಿಡಿಯಾಗಿ ಕೊಂಡ ಪುಡಿಯನ್ನು ಪರೀಕ್ಷಿಸಲು ಒಂದು ಲೋಟ ತಣ್ಣೀರಿನ ಮೇಲೆ ಸ್ವಲ್ಪ ಉದುರಿಸಬೇಕು. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆಗಳನ್ನು ಬಿಡುತ್ತ ತಳಕ್ಕೆ ಇಳಿಯುತ್ತದೆ.

ಕೋಕೋ ಮತ್ತು ಚಾಕೊಲೇಟ್: ಸಕ್ಕರೆ ಬೆರೆಯದ ಕೋಕೋ ಪುಡಿಯನ್ನೇ ಕೊಳ್ಳಬೇಕು. ಹಾಲಿಗೆ ಹಾಕಿ ಕುಡಿಯುವ ಚಾಕೊಲೇಟ್ ಪುಡಿಯಲ್ಲಿ ಸಕ್ಕರೆಯೇ ಹೆಚ್ಚು. ಪೊಟ್ಟಣದ ಮೇಲೆ ‘ಕಾಂಪೌಂಡ್’ ಎಂದಿದ್ದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಅದು ಅಗ್ಗ, ಆದರೆ ರುಚಿಯಲ್ಲಿ ಕಡಿಮೆ.

ಕೆನೆ: ಕಡೆದಾಗ ಗಾಳಿ ಹಿಡಿದು ನಿಲ್ಲಬೇಕಾದರೆ ಕೆನೆಯಲ್ಲಿ ಕನಿಷ್ಠ ಶೇಕಡ 30ರಷ್ಟು ಜಿಡ್ಡಿರಬೇಕು. ಅಂಗಡಿಯಲ್ಲಿ ಸಿಗುವ ಶೇಕಡ 25 ಜಿಡ್ಡಿನ ಕೆನೆ ಗಟ್ಟಿಯಾದೀತೇ ಹೊರತು ಏರಿ ನಿಲ್ಲದು. ಅದನ್ನು ತುಂಡುಗಳ ಮೇಲೆ ಸುರಿದುಕೊಂಡು ತಿನ್ನಬಹುದು. ಕಾಯಿಸಿದ ಹಾಲಿನ ಕೆನೆಯನ್ನು ಬಳಸುವವರು ಎರಡು ದಿನಕ್ಕಿಂತ ಹಳೆಯದನ್ನು ಸೇರಿಸದೆ, ಜರಡಿಯಲ್ಲಿ ಉಜ್ಜಿ ಗಂಟುಗಳನ್ನು ತೆಗೆಯಬೇಕು.

ಕಣಕದ ತಯಾರಿ

1. ಮೈದಾ, ರಾಗಿ ಹಿಟ್ಟು, ಉಪ್ಪು, ಸಕ್ಕರೆ ಪುಡಿಗಳನ್ನು ಕೂಡಿಸಿ ಜರಡಿ ಹಿಡಿಯಬೇಕು. ಬೆಣ್ಣೆಯನ್ನು ಸಣ್ಣ ತುಂಡುಗಳಾಗಿ ಹಾಕಿ, ಬೆರಳ ತುದಿಗಳಿಂದ ಬೇಗ ಬೇಗ ಉಜ್ಜಿ ಸಣ್ಣ ರವೆಯಂತೆ ಮಾಡಬೇಕು.

2. ತಣ್ಣೀರನ್ನು ಚಮಚ ಚಮಚವಾಗಿ ಚಿಮುಕಿಸಿ ಉಂಡೆ ಕಟ್ಟಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಮೈದಾದ ಅಂಟು ಬಲಗೊಂಡು ಕಣಕ ಬಿರುಸಾಗುತ್ತದೆ ಮತ್ತು ಬೇಯುವಾಗ ಕುಗ್ಗುತ್ತದೆ.

3. ಉಂಡೆಯನ್ನು ಮುಚ್ಚಿ ತಂಪಾದ ಜಾಗದಲ್ಲಿ ಅರ್ಧ ಗಂಟೆ ಇಡಬೇಕು. ಬಳಿಕ ಎರಡು ಹಾಳೆಗಳ ನಡುವೆ ಲಟ್ಟಿಸಿ ತಟ್ಟೆಗೆ ಕೂರಿಸಬೇಕು. ಹರಿದರೆ ಬೆರಳಿನಿಂದ ಒತ್ತಿ ಸರಿಪಡಿಸಬಹುದು. ತಳವನ್ನು ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಬೇಕು.

4. ಕಣಕ ಉಬ್ಬದಂತೆ ಮೇಲೆ ಬೆಣ್ಣೆ ಕಾಗದ ಹಾಸಿ ಒಂದು ಹಿಡಿ ಒಣ ಅವರೆ ಅಥವಾ ಹುರುಳಿ ಕಾಳನ್ನು ಹರಡಬೇಕು. ಈ ಕಾಳುಗಳನ್ನು ಇದೇ ಕೆಲಸಕ್ಕೆ ಮತ್ತೆ ಮತ್ತೆ ಬಳಸಬಹುದು. ಬಿತ್ತನೆಗೆ ಅವು ಬಾರವು.

ಓವನ್ ಇಲ್ಲದ ಮನೆಯಲ್ಲಿ ಬೇಯಿಸುವುದು

ದಪ್ಪ ತಳದ ಅಗಲವಾದ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ಎತ್ತರಕ್ಕೆ ತೊಳೆದು ಒಣಗಿಸಿದ ಮರಳು ಹರಡಿ, ಅದರ ಮೇಲೆ ಒಂದು ಲೋಹದ ಬಳೆ ಇಡಬೇಕು. ಭಾರವಾದ ಮುಚ್ಚಳ ಮುಚ್ಚಿ ನಡು ಉರಿಯಲ್ಲಿ 15 ನಿಮಿಷ ಕಾಯಿಸಬೇಕು. ಸಣ್ಣ ತಟ್ಟೆಯಲ್ಲಿ ಚಿಟಿಕೆ ಮೈದಾ ಒಳಗಿಟ್ಟಾಗ ಐದು ನಿಮಿಷದಲ್ಲಿ ಹೊಂಬಣ್ಣಕ್ಕೆ ತಿರುಗಿದರೆ ಕಾವು ಹದವಾಗಿದೆ ಎಂದು ತಿಳಿಯಬಹುದು. ಓವನ್ ಇರುವವರು 180 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಬೇಕು.

ಕಣಕದ ತಟ್ಟೆಯನ್ನು ಬಳೆಯ ಮೇಲಿಟ್ಟು 15 ನಿಮಿಷ ಬೇಯಿಸಿ, ಕಾಳು ಮತ್ತು ಕಾಗದವನ್ನು ತೆಗೆದು ಇನ್ನೂ 10ರಿಂದ 12 ನಿಮಿಷ ಬೇಯಿಸಬೇಕು. ರಾಗಿ ಬೆರೆತಿರುವುದರಿಂದ ಬಣ್ಣ ನೋಡಿ ಹದ ತಿಳಿಯಲಾಗದು. ಅಂಚು ತಟ್ಟೆಯಿಂದ ಬಿಟ್ಟುಕೊಂಡು, ತಳ ಮುಟ್ಟಿದರೆ ಒಣಗಿದಂತಿದ್ದು, ಹುರಿದ ರಾಗಿಯ ವಾಸನೆ ಬಂದರೆ ಬೆಂದಿದೆ ಎಂದರ್ಥ. ಪೂರ್ತಿ ಆರಿದ ಮೇಲೆ ಹೂರಣಕ್ಕೆಂದಿಟ್ಟ ಚಾಕೊಲೇಟಿನಲ್ಲಿ 10 ಗ್ರಾಂನಷ್ಟನ್ನು ಕರಗಿಸಿ ಒಳಮೈಗೆ ತೆಳ್ಳಗೆ ಸವರಬೇಕು. ಇದರಿಂದ ಹೂರಣದ ತೇವ ಕಣಕಕ್ಕೆ ಇಳಿಯುವುದು ತಡವಾಗುತ್ತದೆ.

ಹೂರಣದ ತಯಾರಿ

1. ಫಿಲ್ಟರಿಗೆ 25 ಗ್ರಾಂ ಕಾಫಿ ಪುಡಿ ಹಾಕಿ 125 ಮಿ.ಲೀ. ಕುದಿಯುವ ನೀರು ಸುರಿದರೆ ಸುಮಾರು 75 ಮಿ.ಲೀ. ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಉಳಿದ ನೀರನ್ನು ಪುಡಿಯೇ ಹೀರಿಕೊಳ್ಳುತ್ತದೆ.

2. ಅಂಬಲಿಗೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕುವ ಕ್ರಮ ಎಲ್ಲ ಗೃಹಿಣಿಯರಿಗೂ ತಿಳಿದದ್ದೇ. ಇಲ್ಲಿಯೂ ಹಾಗೆಯೇ ಕಾರ್ನ್‌ಫ್ಲೋರ್, ಕೋಕೋ, ಸಕ್ಕರೆ, ಉಪ್ಪುಗಳನ್ನು 150 ಮಿ.ಲೀ. ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಬೇಕು.

3. ಉಳಿದ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕುದಿಗೆ ತಂದು, ಉರಿ ತಗ್ಗಿಸಿ, ಕದಡಿದ ಮಿಶ್ರಣವನ್ನು ಸಣ್ಣ ಧಾರೆಯಾಗಿ ಸುರಿಯುತ್ತ ತಿರುವಬೇಕು. ಗಟ್ಟಿಯಾಗಿ ಗುಳ್ಳೆ ಏಳತೊಡಗಿದ ಮೇಲೂ ಎರಡು ನಿಮಿಷ ಬಿಡದೆ ತಿರುವುತ್ತ ಕುದಿಸಬೇಕು. ಗಟ್ಟಿಯಾದ ಕೂಡಲೇ ಇಳಿಸಿದರೆ ಪಿಷ್ಟ ಪೂರ್ತಿ ಬೇಯದೆ ಹಸಿ ವಾಸನೆ ಉಳಿಯುತ್ತದೆ, ಆರಿದ ಮೇಲೆ ನೀರೂ ಬಿಡುತ್ತದೆ.

4. ಇದಾದ ಮೇಲೆ ಡಿಕಾಕ್ಷನ್ ಸೇರಿಸಿ ಮತ್ತೊಮ್ಮೆ ಕುದಿಸಬೇಕು. ಡಿಕಾಕ್ಷನ್‌ನಲ್ಲಿ ಸ್ವಲ್ಪ ಹುಳಿಯಿರುವುದರಿಂದ ಬರಿಯ ಹಾಲಿಗೆ ಹಾಕಿದರೆ ಕೆಲವೊಮ್ಮೆ ಒಡೆಯುವುದುಂಟು. ಪಿಷ್ಟ ಬೆಂದ ಮೇಲೆ ಆ ಭಯ ಕಡಿಮೆ.

5. ಒಲೆಯಿಂದ ಇಳಿಸಿ, ತುಂಡು ಮಾಡಿದ ಚಾಕೊಲೇಟ್ ಮತ್ತು ಬೆಣ್ಣೆಯನ್ನು ಹಾಕಿ ಕರಗಿಸಬೇಕು. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಹತ್ತು ನಿಮಿಷ ಮೆಲ್ಲಗೆ ತಿರುವಿ, ಇನ್ನೂ ಬೆಚ್ಚಗಿರುವಾಗಲೇ ಕಣಕದ ತಟ್ಟೆಗೆ ಸುರಿಯಬೇಕು. ಗಟ್ಟಿಯಾದ ಮೇಲೆ ಕಲಕಿದರೆ ಹೂರಣ ತೆಳ್ಳಗಾಗುತ್ತದೆ. ಮೇಲೆ ಚರ್ಮ ಕಟ್ಟದಂತೆ ಬೆಣ್ಣೆ ಕಾಗದವನ್ನು ಹೂರಣಕ್ಕೆ ತಾಗುವಂತೆ ಮುಚ್ಚಿ, ತಂಗಳು ಪೆಟ್ಟಿಗೆಯಲ್ಲಿ ಕನಿಷ್ಠ ನಾಲ್ಕು ಗಂಟೆ ಇಡಬೇಕು.

ಕೆನೆ ಕಡೆಯುವುದು

ಕೆನೆ, ಪಾತ್ರೆ, ಕಡಗೋಲು ಮೂರೂ ತಣ್ಣಗಿರಬೇಕು. ಸಕ್ಕರೆ ಪುಡಿ ಸೇರಿಸಿ ಕಡೆಯುತ್ತ ಹೋದಂತೆ ಕೆನೆ ಉಬ್ಬಿ ಕಡಗೋಲಿನ ಗುರುತು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಕಡೆದರೆ ಬೆಣ್ಣೆ ಬೇರೆ, ಮಜ್ಜಿಗೆ ಬೇರೆಯಾಗುತ್ತದೆ. ದಿನವೂ ಮೊಸರು ಕಡೆಯುವ ಕೈಗೆ ಈ ಹದ ತಿಳಿಯಲು ಹೆಚ್ಚು ಹೊತ್ತು ಬೇಡ. ಬಡಿಸುವ ಮುನ್ನವಷ್ಟೇ ಕೆನೆಯನ್ನು ಹರಡಬೇಕು.

ಕಾಪಾಡುವ ಕ್ರಮ

ಈ ಭಾಗವನ್ನು ಯಾರೂ ಅಲಕ್ಷಿಸಬಾರದು.

• ಕೈಗಳನ್ನು ಸೋಪಿನಿಂದ ತೊಳೆಯಬೇಕು. ಕೈಯಲ್ಲಿ ಕೀವು ಗಾಯ ಇರುವವರು ಈ ಕೆಲಸಕ್ಕೆ ಬರಬಾರದು. ಅಂತಹ ಗಾಯದ ರೋಗಾಣು ಹೂರಣದಲ್ಲಿ ಬೆಳೆದು ಬಿಡುವ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ.

• ಹೂರಣ ಬೆಂದ ಎರಡು ಗಂಟೆಯೊಳಗೆ ಪೈ ತಂಗಳು ಪೆಟ್ಟಿಗೆಯೊಳಗಿರಬೇಕು. ಕಾವು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು.

• ಎರಡು ದಿನದೊಳಗೆ ತಿಂದು ಮುಗಿಸಬೇಕು. ವಾಸನೆ ಚೆನ್ನಾಗಿದೆ ಎಂಬುದು ಆಹಾರ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕಾಫಿಯ ಪರಿಮಳ ಕೆಟ್ಟ ವಾಸನೆಯನ್ನು ಮುಚ್ಚಿಬಿಡಬಹುದು.

• ವಿದ್ಯುತ್ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಇಲ್ಲದಿದ್ದರೆ ಪೈಯನ್ನು ತಿನ್ನಬಾರದು, ಮಕ್ಕಳಿಗಂತೂ ಕೊಡಲೇಬಾರದು.

• ಮದುವೆ, ಸೀಮಂತಗಳ ಚಪ್ಪರದಲ್ಲಿ ಹೊತ್ತುಗಟ್ಟಲೆ ಹೊರಗಿಡುವ ತಿನಿಸು ಇದಲ್ಲ.

ತಂಗಳು ಪೆಟ್ಟಿಗೆ ಇಲ್ಲದ ಮನೆಗಳಿಗೆ

ಇಂಥವರು ಹಾಲಿನ ಹೂರಣದ ಬದಲು ಖೋವಾ ಹೂರಣ ಮಾಡುವುದು ಉತ್ತಮ. ಒಂದು ಲೀಟರ್ ಎಮ್ಮೆ ಹಾಲಿನಿಂದ ಸುಮಾರು 200 ಗ್ರಾಂ ಖೋವಾ ಬರುತ್ತದೆ. ಹಸುವಿನ ಹಾಲಾದರೆ ಸ್ವಲ್ಪ ಕಡಿಮೆ. ಹಾಲು ಅರ್ಧಕ್ಕಿಂತ ಹೆಚ್ಚು ಬತ್ತಿದಾಗ 60 ಗ್ರಾಂ ಸಕ್ಕರೆ, 10 ಗ್ರಾಂ ಕೋಕೋ, ಎರಡು ಚಮಚ ಡಿಕಾಕ್ಷನ್ ಸೇರಿಸಿ, ಪಾತ್ರೆಯ ತಳ ಬಿಡುವವರೆಗೆ ಮಗುಚಬೇಕು. ಇದನ್ನು ಸಣ್ಣ ಸಣ್ಣ ಕಣಕದ ಬಟ್ಟಲುಗಳಿಗೆ ತುಂಬಿ, ಕೆನೆ ಹಾಕದೆ, ಮಾಡಿದ ದಿನವೇ ತಿಂದು ಮುಗಿಸಬೇಕು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಕಣಕ ಕುಗ್ಗಿದೆ: ಹೆಚ್ಚು ನಾದಲಾಗಿದೆ ಅಥವಾ ಅರ್ಧ ಗಂಟೆ ಬಿಟ್ಟಿಲ್ಲ.
ಕಣಕ ಪುಡಿಯಾಗುತ್ತದೆ: ರಾಗಿ ಹೆಚ್ಚಾಗಿದೆ ಅಥವಾ ನೀರು ಕಡಿಮೆಯಾಗಿದೆ.
ಹೂರಣ ನಿಲ್ಲದೆ ಹರಿಯುತ್ತದೆ: ಎರಡು ನಿಮಿಷ ಕುದಿಸಿಲ್ಲ ಅಥವಾ ಡಿಕಾಕ್ಷನ್ ಅಳತೆ ಮೀರಿದೆ.
ತಳ ಸೀದಿದೆ: ಮರಳು ತೆಳ್ಳಗಿದೆ ಅಥವಾ ಉರಿ ಹೆಚ್ಚಾಗಿದೆ.
ಕೆನೆ ಏರದು: ತಣ್ಣಗಿಲ್ಲ ಅಥವಾ ಜಿಡ್ಡು ಸಾಲದು.

ಯಾರು ಎಷ್ಟು ತಿನ್ನಬಹುದು?

ಒಂದು ತುಂಡಿನಲ್ಲಿ ಸುಮಾರು 400 ಕಿಲೊಕ್ಯಾಲರಿಗಳಿವೆ. ಆದ್ದರಿಂದ ಇದು ಹಬ್ಬ ಹರಿದಿನದ ತಿನಿಸೇ ಹೊರತು ನಿತ್ಯದ ಆಹಾರವಲ್ಲ. ಸಕ್ಕರೆ ಕಾಯಿಲೆ ಇರುವವರು ದೂರವಿರುವುದು ಒಳ್ಳೆಯದು. ಚಿಕ್ಕ ಮಕ್ಕಳಿಗೆ ಮಾಡುವಾಗ ಡಿಕಾಕ್ಷನ್ ಬಿಟ್ಟು ಅಷ್ಟೇ ಹಾಲನ್ನು ಸೇರಿಸಬೇಕು.

ಮಾರಾಟಕ್ಕೆ ಯೋಚಿಸುವವರಿಗೆ

ಮೂರು ನಾಲ್ಕು ಬಾರಿ ಮಾಡಿ ಕೈ ಪಳಗಿದ ಮೇಲೆ ಸ್ತ್ರೀಶಕ್ತಿ ಸಂಘದ ಸದಸ್ಯೆಯರು ಇದನ್ನು ಮಾರಲು ಯೋಚಿಸಬಹುದು. ಮನೆಯ ಹಾಲು, ಬೆಣ್ಣೆಯನ್ನು ಪುಕ್ಕಟೆ ಎಂದು ಬಿಡದೆ ಡೇರಿಯ ದರದಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಅನಿಲ, ವಿದ್ಯುತ್, ಡಬ್ಬಿ, ಕೂಲಿ ಮತ್ತು ಮಾರಾಟವಾಗದೆ ಉಳಿಯುವ ತುಂಡುಗಳ ನಷ್ಟವನ್ನು ಕೂಡಿಸಿ ಎಂಟರಿಂದ ಭಾಗಿಸಿದರೆ ಒಂದು ತುಂಡಿನ ಅಸಲು ಸಿಗುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಮನೆಯಲ್ಲಿ ತಯಾರಿಸಿ ಮಾರುವವರೂ ನೋಂದಣಿ ಪಡೆಯಬೇಕು. ತಂಪಿನಲ್ಲಿ ಸಾಗಿಸುವ ಅನುಕೂಲ ಇಲ್ಲದವರು ಕೆನೆ ಪೈಯನ್ನು ಮಾರದೆ, ರಾಗಿ ಕಣಕದ ಬಿಸ್ಕತ್ತಿನಿಂದ ಆರಂಭಿಸುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ನಡೆಸುವಾಗ ಎರಡು ಪಾತ್ರೆಗಳಲ್ಲಿ ಹೂರಣ ಮಾಡಿ, ಒಂದನ್ನು ಗಟ್ಟಿಯಾದ ಕೂಡಲೇ ಇಳಿಸಿ, ಇನ್ನೊಂದನ್ನು ಎರಡು ನಿಮಿಷ ಕುದಿಸಿ, ತಣಿದ ಮೇಲೆ ಕತ್ತರಿಸಿ ತೋರಿಸಬೇಕು. ನೂರು ಮಾತಿಗಿಂತ ಈ ಎರಡು ತುಂಡುಗಳು ಹೆಚ್ಚು ಕಲಿಸುತ್ತವೆ. ಹೆಚ್ಚಿನ ತರಬೇತಿ ಬಯಸುವವರು ಹಾಸನದ ಬಳಿ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.