ಮೇಜಿನ ಮೇಲಿನ ಭೂಕಂಪ

ಶಿರಿಯ ಹೊಳೆಯ ಅಳಿವೆಯಲ್ಲಿ ನಿಂತು ಪಡುಗಡಲನ್ನು ನೋಡುವ ನಮ್ಮ ಮಕ್ಕಳಿಗೆ ಭೂಕಂಪವು ದೂರದೇಶದ ವಾರ್ತೆಯಂತೆ ತೋರುವುದು ಸಹಜವೇ. ಆದರೆ 2004ನೆಯ ಇಸವಿ ಡಿಸೆಂಬರು 26ರಂದು ಸುಮಾತ್ರಾ ದ್ವೀಪದ ಬಳಿ ಕಡಲಡಿಯ ನೆಲವು ಜಾರಿದಾಗ ಎದ್ದ ಅಲೆಗಳು ಶ್ರೀಲಂಕೆಯನ್ನು ಬಳಸಿ ಬಂದು, ಇದೇ ಕರಾವಳಿಯ ತೆಂಕಣ ಭಾಗದಲ್ಲಿ, ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲಿ, ನೂರಕ್ಕೂ ಮಿಕ್ಕಿ ಜೀವಗಳನ್ನು ಸೆಳೆದೊಯ್ದವು.

ನಮ್ಮ ದೇಶವನ್ನು ಹೊತ್ತ ಭೂಫಲಕವು ಅಂಡಮಾನ್-ಸುಮಾತ್ರಾ ಸಾಲಿನ ಅಡಿಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಇಳಿಯುತ್ತಿದೆ. ಈ ಇಳಿತವನ್ನು ಕಣ್ಣಾರೆ ಕಂಡವರಿಲ್ಲ. ಆದುದರಿಂದ ವಿಜ್ಞಾನಿಗಳು ಅದನ್ನು ಮೇಜಿನ ಮೇಲೆ ಕಿರಿದಾಗಿ ಮಾಡಿ ನೋಡುತ್ತಾರೆ.

ಮೊದಲು ನೀವೇ ಮಾಡಬಹುದಾದ ಒಂದು ಪ್ರಯೋಗ. ಒರಟು ಹಲಗೆಯ ಮೇಲೆ ಮುರಕಲ್ಲಿನ ತುಂಡೊಂದನ್ನಿಟ್ಟು, ಅದಕ್ಕೆ ಕಟ್ಟಿದ ರಬ್ಬರು ಪಟ್ಟಿಯನ್ನು ಒಂದೇ ಸಮನೆ ಮೆಲ್ಲನೆ ಎಳೆಯಿರಿ. ಕಲ್ಲು ಕದಲದು, ರಬ್ಬರು ಮಾತ್ರ ಹಿಗ್ಗುವುದು. ಹಿಗ್ಗಿ ಹಿಗ್ಗಿ ಕೊನೆಗೆ ಥಟ್ಟನೆ ಕಲ್ಲು ಜಿಗಿದು ಪುನಃ ನಿಲ್ಲುವುದು. ಎಳೆಯುವ ಕೈಗೆ ಆತುರವಿಲ್ಲ, ಆದರೂ ಕಲ್ಲು ಜಿಗಿಯಿತು! ಪ್ರತಿಸಲದ ಜಿಗಿತವನ್ನು ಅಳೆದು ಬರೆದಿಡಿರಿ, ಎಲ್ಲವೂ ಸಮವಾಗಿರಲಾರವು. ಭೂಕಂಪಗಳ ಹಿಂದೆಯೂ ಇಂತಹ ನಿಂತು ಜಿಗಿಯುವ ಕ್ರಿಯೆಯೇ ಇರಬಹುದೆಂದು 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಎಂಬ ಅಮೆರಿಕದ ವಿಜ್ಞಾನಿಗಳು ಶಿಲೆಗಳ ಮೇಲಿನ ಪ್ರಯೋಗಗಳಿಂದ ಸೂಚಿಸಿದರು.

ರೋಮಿನ ‘ರೋಮಾ ತ್ರೆ’ ವಿಶ್ವವಿದ್ಯಾಲಯದವರು ಇದನ್ನು ನಿಜಕ್ಕೆ ಇನ್ನಷ್ಟು ಹತ್ತಿರ ತಂದರು. ಓರೆಯಾಗಿ ಕೆಳಗಿಳಿಯುವ ಫಲಕದ ಮೇಲೆ ಅವರು ಜೆಲೆಟಿನ್ನಿನ ಗಟ್ಟಿಯೊಂದನ್ನಿಟ್ಟರು; ಎಳೆಯ ಬೊಂಡದ ಬಾವೆಯಂತೆ ನಡುಗುವ ವಸ್ತುವದು. ಫಲಕದ ಒಂದು ಭಾಗಕ್ಕೆ ಬಡಗಿಗಳ ಉಪ್ಪುಕಾಗದ, ಉಳಿದೆಡೆ ನುಣುಪಾದ ಪ್ಲಾಸ್ಟಿಕ್. ಉಪ್ಪುಕಾಗದವಿದ್ದಲ್ಲಿ ಜೆಲೆಟಿನ್ ಕಚ್ಚಿಕೊಂಡು ಬಾಗುವುದು, ಬಳಿಕ ಒಮ್ಮೆಗೇ ಬಿಡಿಸಿಕೊಳ್ಳುವುದು. ನುಣುಪಿನಲ್ಲಿ ಸದ್ದಿಲ್ಲದೆ ಜಾರುವುದು. ಕಲ್ಲನ್ನು ಬಿಟ್ಟು ಜೆಲೆಟಿನ್ ಏಕೆ? ನೂರಾರು ಕಿಲೋಮೀಟರಿನ ನೆಲವನ್ನು ಮೊಳದಷ್ಟಕ್ಕೆ ಇಳಿಸಿದಾಗ ಅದರ ಬಿಗಿಯನ್ನೂ ತಕ್ಕ ಲೆಕ್ಕದಲ್ಲಿ ತಗ್ಗಿಸಬೇಕು. ಇದನ್ನು ಮರೆತ ಮಾದರಿಯು ಬರಿಯ ಆಟಿಕೆಯೇ ಸರಿ.

ಬಿಡಿಸಿಕೊಂಡ ಅಂಚು ಮೇಲಕ್ಕೆ ಚಿಮ್ಮುವುದು, ಅದರ ಹಿಂಬದಿ ಕುಸಿಯುವುದು. 2004ರಲ್ಲಿ ಆದುದೂ ಹಾಗೆಯೇ. ಉತ್ತರ ಅಂಡಮಾನಿನ ಪಡುವಣ ದಂಡೆಯು ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಂದವು. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟಿನಲ್ಲಿ ನೆಲವು ಸುಮಾರು 4 ಮೀಟರು ಇಳಿದು ದೀಪಸ್ತಂಭದ ಬುಡವು ಕಡಲಿನಲ್ಲಿ ನಿಂತಿತು.

ಮುಂದಿನ ಜಿಗಿತ ಯಾವಾಗ? ನಿಮ್ಮ ಮುರಕಲ್ಲಿನ ಟಿಪ್ಪಣಿಯೂ ಹೇಳದು, ರೋಮಿನ ಜೆಲೆಟಿನ್ನೂ ಹೇಳದು. ಆದರೆ ಕಂಪನವಾದ ಮೇಲೆ ಅಲೆಯು ಅಲ್ಲಿಂದ ನಮ್ಮ ಕರೆಯನ್ನು ಮುಟ್ಟಲು ಗಂಟೆಗಳೇ ಬೇಕು. ಆ ಅವಧಿಯಲ್ಲಿ ಎಚ್ಚರಿಕೆ ಕೊಡುವ ಕೇಂದ್ರವು 2007ರಿಂದ ಹೈದರಾಬಾದಿನಲ್ಲಿ ಕೆಲಸಮಾಡುತ್ತಿದೆ.