ಆಯಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದೇಕೆ?



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಮನೆಯಲ್ಲಿ ಆಯಿ “ಬಾಗಲಾ ಹಾಕೀರೇನು?” ಎಂದು ಹತ್ತು ಸಲ ಕೇಳುತ್ತಾಳೆ. ಅಜ್ಜ ಎಣಿಸಿದ ರೊಕ್ಕವನ್ನೇ ಮತ್ತೆ ಎಣಿಸುತ್ತಾನೆ, ಟ್ರಂಕಿನ ಬಟ್ಟೆ ತೆಗೆದು ಗಂಟು ಕಟ್ಟುತ್ತಾನೆ. ಮಂದಿ ಇದನ್ನು ಹಟ ಅನ್ನುತ್ತಾರೆ, ಇಲ್ಲವೇ ವಯಸ್ಸಾಯಿತು ಅಂದು ಸುಮ್ಮನಾಗುತ್ತಾರೆ. ಆದರೆ ಇದು ಮರೆಗುಳಿ ಕಾಯಿಲೆಯ, ಅಂದರೆ ಡಿಮೆನ್ಶಿಯಾದ, ಲಕ್ಷಣವಾಗಿರಬಹುದು.

1901ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಇಂಥ ಒಬ್ಬ ಹೆಣ್ಣುಮಗಳನ್ನು ಪರೀಕ್ಷಿಸಿದರು. ಆಕೆಯ ವಯಸ್ಸು 51. ಅರವತ್ತು ಕೂಡ ಆಗಿರಲಿಲ್ಲ! 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳು ಹಾಳಾಗಿದ್ದು ಕಂಡಿತು. ಡಿಮೆನ್ಶಿಯಾದಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಹೆಚ್ಚು ಕಾಣುವುದು ಆಲ್‌ಝೈಮರ್ ಕಾಯಿಲೆ.

ಮೆದುಳಿನಲ್ಲಿ ಆಗುವುದೇನು?

ಹೊಸ ನೆನಪನ್ನು ಕೂಡಿಡಲು ಬೇಕಾದ ಭಾಗ ಹಿಪೊಕ್ಯಾಂಪಸ್. ನೋಡಲು ಕಡಲಕುದುರೆಯಂತಿದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮೊದಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಇದೂ ಒಂದು. ಹೀಗಾಗಿ ಆಯಿಗೆ ಐವತ್ತು ವರ್ಷದ ಹಿಂದಿನ ಸುಗ್ಗಿ ನೆನಪಿರುತ್ತದೆ, ನೀವು ಈಗಷ್ಟೇ ಕೊಟ್ಟ ಉತ್ತರ ನೆನಪಿರುವುದಿಲ್ಲ. ನಿಮಗೆ ಅದು ಹತ್ತನೆಯ ಪ್ರಶ್ನೆ. ಆಕೆಗೆ ಮಾತ್ರ ಪ್ರತಿ ಸಲವೂ ಮೊದಲನೆಯದು.

ಒಂದು ಕೆಲಸ ನಿಲ್ಲಿಸಿ ಇನ್ನೊಂದಕ್ಕೆ ಹೊರಳಲು ಮೆದುಳಿನ ಮುಂಭಾಗ ನೆರವಾಗುತ್ತದೆ. ಅದು ಸೊರಗಿದಾಗ ಅದೇ ಕೆಲಸ ಗೀಳಿನಂತೆ ಮುಂದುವರಿಯುತ್ತದೆ.

ಮರೆತರೂ ಉಳಿಯುವುದು

2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್‌ಝೈಮರ್ ಇದ್ದ 17 ಜನರಿಗೆ ದುಃಖದ ಮತ್ತು ನಗುವಿನ ಚಿತ್ರಗಳ ತುಣುಕು ತೋರಿಸಿದರು. ಸ್ವಲ್ಪ ಹೊತ್ತಿಗೇ ಅವರು ನೋಡಿದ್ದರಲ್ಲಿ ಬಹುಪಾಲು ಮರೆತರು. ಆದರೆ ಆ ದುಃಖ, ಆ ಸಂತೋಷ ಮನಸ್ಸಿನಲ್ಲಿ ಉಳಿದಿದ್ದವು.

ಇದರ ಅರ್ಥ ಏನು? “ಆಗ್ಲೇ ಹೇಳೀನಲ್ಲ!” ಎಂದು ನೀವು ರೇಗಿದರೆ ಆಯಿ ಆ ಮಾತನ್ನು ಮರೆಯಬಹುದು. ಮನಸ್ಸಿಗಾದ ನೋವು ಉಳಿಯುತ್ತದೆ. ಅಂಜಿಕೆ ಹೆಚ್ಚಿದಷ್ಟೂ ಪ್ರಶ್ನೆಯೂ ಹೆಚ್ಚಬಹುದು.

ನಾವು ಏನು ಮಾಡಬಹುದು?

1. ವಾದ ಬೇಡ. ಪ್ರಶ್ನೆಯ ಹಿಂದಿನ ಅಂಜಿಕೆಗೆ ಉತ್ತರ ಕೊಡಿರಿ: “ಕೀಲಿ ಹಾಕೇದ ಆಯಿ, ಬಾ, ಇಬ್ಬರೂ ಕೂಡಿ ನೋಡೋಣು.”

2. ಕೈಗೆ ಕೆಲಸ ಕೊಡಿರಿ. ಜೋಳ ಹಸನು ಮಾಡುವುದು, ಶೇಂಗಾ ಸುಲಿಯುವುದು, ಬಟ್ಟೆ ಮಡಚುವುದು ಕೈಗೆ ರೂಢಿಯಾದ ಕೆಲಸಗಳು. ಇಂಥ ರೂಢಿ ಬಹಳ ಕಾಲ ಉಳಿಯುತ್ತದೆ.

3. ಅಪಾಯವಿಲ್ಲದ ಗೀಳನ್ನು ಬಿಟ್ಟುಬಿಡಿರಿ. ಎಣಿಸಲಿಕ್ಕೆ ಒಂದಿಷ್ಟು ಚಿಲ್ಲರೆ ಇರಲಿ, ದೊಡ್ಡ ನೋಟು ಬೇರೆ ಕಡೆ ಇಡಿರಿ.

4. ಅಪಾಯವಿದ್ದರೆ ವಸ್ತುವನ್ನೇ ದೂರವಿಡಿರಿ. ಬೆಳೆಗೆ ಹೊಡೆಯುವ ಔಷಧಿ ಕೀಲಿಯೊಳಗಿರಲಿ. ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಲು ದೊಡ್ಡವರಿಗೆ ನೆನಪಿಸಿರಿ.

5. ಊಟ, ನಿದ್ದೆ ದಿನಾ ಒಂದೇ ಹೊತ್ತಿಗೆ ಇರಲಿ. ಸಂಜೆಯಾಗುತ್ತಲೇ ಕೆಲವರಿಗೆ ಗಾಬರಿ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಾಕಿರಿ.

6. ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲೋ ಸೆರಗಿನಲ್ಲೋ ಇರಲಿ. ದೀಪಾವಳಿಗೆ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಯಲ್ಲಿ ಎಷ್ಟು ಗದ್ದಲ ಇರುತ್ತದೆ ನಿಮಗೆ ಗೊತ್ತು. ಅಲ್ಲಿ ಕೈ ಬಿಡಬೇಡಿರಿ.

ಡಾಕ್ಟರ ಹತ್ತಿರ ಯಾವಾಗ?

ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ‘ಅರಳು ಮರಳು’ ಎಂದು ಕೈ ಬಿಡಬಾರದು. ಒಂದೆರಡು ದಿನದಲ್ಲೇ ಗೊಂದಲ ಒಮ್ಮೆಲೇ ಹೆಚ್ಚಿದರೆ ಮೂತ್ರದ ಸೋಂಕೋ ಜ್ವರವೋ ಇರಬಹುದು. ಆಗ ತಡಮಾಡಬೇಡಿರಿ. ದಿನವಿಡೀ ನೋಡಿಕೊಳ್ಳುವ ಅವ್ವನಿಗೂ ದಣಿವಾಗುತ್ತದೆ. ಸಂಜೆ ಒಂದು ತಾಸು ನೀವು ಆಯಿಯ ಹತ್ತಿರ ಕೂತರೆ ಅದೇ ದೊಡ್ಡ ಸಹಾಯ. ಮನಸ್ಸು ಸೋತಾಗ ಮಾತಾಡಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆಗೆ ದುಡ್ಡಿಲ್ಲ.

ಮಾಡಿ ನೋಡಿರಿ

ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿರಿ: ಹೊತ್ತು, ಆಯಿ ಮಾಡಿದ್ದು, ಅದಕ್ಕೂ ಮೊದಲು ನಡೆದದ್ದು, ಸಮಾಧಾನ ತಂದದ್ದು. ಒಂದು ವಾರ ಬರೆಯಿರಿ. ಹಸಿವೆ, ಗದ್ದಲ, ಕತ್ತಲು ಇವುಗಳಲ್ಲಿ ಯಾವುದರ ನಂತರ ಗೀಳು ಹೆಚ್ಚಾಯಿತು? ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿರಿ. ನೋಡಿ ಬರೆದಿಟ್ಟು ಕಾರಣ ಹುಡುಕುವುದೇ ವಿಜ್ಞಾನ. ಅದು ಮನೆಯಿಂದಲೇ ಶುರುವಾಗಲಿ.